ಎಂಟನೇ ಜನರೇಷನ್ ಲ್ಯಾಪ್‌ಟಾಪ್‌ಗೆ ವಿಂಡೋಸ್ 7 ಹಾಕಿದ ನಾಲ್ಕು ದಿನ

ಅಪ್ಪ ತೆಗೆದ ಫೋಟೋಗಳ ನೆಗೆಟಿವ್‌ಗಳೆಲ್ಲ ಒಂದು ತಗಡಿನ ಡಬ್ಬಿಯಲ್ಲಿವೆ. ಒಟ್ಟು 37 ರೋಲ್. ಪ್ರತಿ ರೋಲನ್ನೂ ಆರಾರು ಫ್ರೇಮಿನ ಪಟ್ಟಿಗಳಾಗಿ ಕತ್ತರಿಸಿ, ಕವರಿಗೆ ಹಾಕಿ, ಮೇಲೆ ತಾರೀಖು ಬರೆದಿದ್ದಾರೆ. ಕೆಲವು ಪಟ್ಟಿಗಳ ಬಣ್ಣ ಆಗಲೇ ಮಾಸುತ್ತಿದೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಉಳಿಸಿಕೊಳ್ಳಬೇಕು ಅನ್ನುವುದು ನನಗೂ ತಂಗಿಗೂ ಬಹಳ ದಿನದ ಆಸೆ.

ಅದಕ್ಕೆಂದೇ ಒಂದು ಫಿಲ್ಮ್ ಸ್ಕ್ಯಾನರ್ ಇದೆ. ಹಳೆಯದು, ಆದರೆ ಇವತ್ತಿಗೂ ಕೆಲಸ ಚೊಕ್ಕ. ತೊಂದರೆ ಇರುವುದು ಅದರ ಸಾಫ್ಟ್‌ವೇರಿನಲ್ಲಿ. ವಿಂಡೋಸ್ 7 ಆದಮೇಲೆ ಅದಕ್ಕೆ ಹೊಸ ಡ್ರೈವರ್ (ವಿಂಡೋಸ್‌ಗೂ ಸಾಧನಕ್ಕೂ ಮಾತುಕತೆ ಮಾಡಿಸುವ ಪ್ರೋಗ್ರಾಂ) ಬರಲೇ ಇಲ್ಲ. ಇಷ್ಟು ವರ್ಷ ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಓಡಿಸುತ್ತಿದ್ದೆ. ಅದರ ಮದರ್‌ಬೋರ್ಡ್ ಕೆಟ್ಟಿತು. ಕೈಯಲ್ಲಿ ಉಳಿದದ್ದು ವಿಂಡೋಸ್ 10 ಜೊತೆ ಬಂದ ಲ್ಯಾಪ್‌ಟಾಪ್. ಇಂಟೆಲ್ ಎಂಟನೇ ಜನರೇಷನ್ ಪ್ರೊಸೆಸರ್, ಹಾರ್ಡ್ ಡಿಸ್ಕಿನ ಜಾಗದಲ್ಲಿ ಎನ್‌ವಿಎಂಇ ಅನ್ನುವ ಹೊಸ ಬಗೆಯ ಎಸ್‌ಎಸ್‌ಡಿ.

"ಅದಕ್ಕೆ ಹಳೇ ವಿಂಡೋಸ್ ಹಾಕ್ತೀಯಾ? ಬೇರೆ ದಾರಿ ಇಲ್ವಾ ಅಣ್ಣಾ?" ಅಂತ ತಂಗಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಬೇರೆ ದಾರಿಗಳನ್ನು ಮೊದಲು ನೋಡಿಯೇ ಇದಕ್ಕೆ ಕೈ ಹಾಕಿದ್ದೆ. ಹಳೆಯ ವಿಂಡೋಸಿನಂತೆ ನಟಿಸುವ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಸಾಫ್ಟ್‌ವೇರ್ ತೆರೆದುಕೊಂಡಿತು, ಸ್ಕ್ಯಾನರ್ ಮಾತ್ರ ಕಾಣಲಿಲ್ಲ. ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರಿನಂತೆ ಓಡುವ ವರ್ಚುವಲ್ ಮೆಷೀನ್‌ನಲ್ಲಿ ಸ್ಕ್ಯಾನರ್ ಕಂಡಿತು, ಆದರೆ ಸ್ಕ್ಯಾನ್ ಅರ್ಧಕ್ಕೆ ಬಂದಾಗಲೆಲ್ಲ ಯುಎಸ್‌ಬಿ ಕಡಿದುಹೋಗುತ್ತಿತ್ತು. ಬೇರೆಯವರು ಬರೆದ ಸ್ಕ್ಯಾನಿಂಗ್ ಸಾಫ್ಟ್‌ವೇರ್ ಚೆನ್ನಾಗಿಯೇ ನಡೆಯಿತು. ಆದರೆ ಮೂಲ ಸಾಫ್ಟ್‌ವೇರ್ ಕೊಡುತ್ತಿದ್ದ ಬಣ್ಣ ಅದರಲ್ಲಿ ಸಿಗಲಿಲ್ಲ. ಮೊದಲಿನ ಒಂಬತ್ತು ರೋಲ್ ಮೂಲ ಸಾಫ್ಟ್‌ವೇರಿನಲ್ಲೇ ಆಗಿದ್ದವು. ಉಳಿದವೂ ಹಾಗೇ ಬರಲಿ ಅನ್ನುವುದು ನನ್ನ ಹಟ.

ವಿಂಡೋಸ್ 7 ಬಂದದ್ದು 2009ರಲ್ಲಿ. ಎಂಟನೇ ಜನರೇಷನ್ ಪ್ರೊಸೆಸರ್ ಬಂದದ್ದು 2017ರಲ್ಲಿ. ಈ ಎಂಟು ವರ್ಷದಲ್ಲಿ ಯುಎಸ್‌ಬಿ ಬದಲಾಯಿತು, ಡಿಸ್ಕ್ ಬದಲಾಯಿತು, ಕಂಪ್ಯೂಟರ್ ಶುರುವಾಗುವ ರೀತಿಯೇ ಬದಲಾಯಿತು. ಇವನ್ನೆಲ್ಲ ವಿಂಡೋಸ್ 7ಕ್ಕೆ ನಾವೇ ಒಂದೊಂದಾಗಿ ಪರಿಚಯ ಮಾಡಿಸಬೇಕು. ಕಷ್ಟ ಏನೆಂದರೆ, ತನಗೆ ಯಾವುದು ಗೊತ್ತಿಲ್ಲ ಅಂತ ಅದು ಸರಿಯಾಗಿ ಹೇಳುವುದಿಲ್ಲ. ಪರದೆ ಮೇಲೆ ಬರುವ ಮಾತು ಒಂದು, ನಿಜವಾದ ಕಾರಣ ಇನ್ನೊಂದು. ನನ್ನ ನಾಲ್ಕು ದಿನದಲ್ಲಿ ಮುಕ್ಕಾಲು ಪಾಲು ಹೋದದ್ದು ಆ ಕಾರಣ ಹುಡುಕುವುದರಲ್ಲೇ.

ಶುರು ಮಾಡುವ ಮುಂಚೆ ಮಾಡಿದ ಒಂದು ಕೆಲಸದ ಬಗ್ಗೆ ನನಗೆ ಈಗಲೂ ಸಮಾಧಾನ ಇದೆ. ಲ್ಯಾಪ್‌ಟಾಪಿನಲ್ಲಿದ್ದ ಎಸ್‌ಎಸ್‌ಡಿಯನ್ನು ನಾನು ಅಳಿಸಲಿಲ್ಲ. ಅದನ್ನು ತೆಗೆದಿಟ್ಟು ಇನ್ನೊಂದು ಸಣ್ಣ ಎಸ್‌ಎಸ್‌ಡಿ ಹಾಕಿದೆ. ಹಿಂದಿನ ಕವರ್ ಬಿಚ್ಚಿ, ಬ್ಯಾಟರಿ ಕನೆಕ್ಟರ್ ತೆಗೆದು, ಒಂದೇ ಒಂದು ಸ್ಕ್ರೂ ಬಿಚ್ಚಿದರೆ ಎಸ್‌ಎಸ್‌ಡಿ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಎಳೆದರೆ ಬರುತ್ತದೆ. ಹತ್ತು ನಿಮಿಷದ ಕೆಲಸ. ಏನೇ ಎಡವಟ್ಟಾದರೂ ಹಳೆಯದನ್ನು ವಾಪಸ್ ಸಿಕ್ಕಿಸಿದರೆ ಲ್ಯಾಪ್‌ಟಾಪ್ ಮೊದಲಿನಂತೆಯೇ ಇರುತ್ತದೆ ಅನ್ನುವ ಧೈರ್ಯ ಅದರಿಂದ ಬಂತು. ಇದು ಆಗದ ಲ್ಯಾಪ್‌ಟಾಪ್ ಆದರೆ ಪೂರ್ತಿ ಡಿಸ್ಕಿನ ಇಮೇಜ್, ಅಂದರೆ ಯಥಾ ನಕಲು, ತೆಗೆದಿಡದೆ ಮುಂದೆ ಹೋಗಲೇಬೇಡಿ.

ತೆಗೆಯುವ ಮೊದಲು ವಿಂಡೋಸ್ 10ರಲ್ಲೇ ಎರಡು ವಿಷಯ ಬರೆದುಕೊಂಡೆ. ಒಂದು, ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್‌ನ ರಿಕವರಿ ಕೀ. 48 ಅಂಕಿ. ಇವತ್ತಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದು ಬಳಸುವವರಿಗೇ ಗೊತ್ತಿರುವುದಿಲ್ಲ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್) ಸೆಕ್ಯೂರ್ ಬೂಟ್, ಅಂದರೆ ಸರಿಯಾದ ಸಹಿ ಇರುವ ಸಿಸ್ಟಂ ಮಾತ್ರ ಶುರುವಾಗಲು ಬಿಡುವ ಕಾವಲನ್ನು, ಮುಟ್ಟಿದ ಕೂಡಲೇ ಅದು ಈ ಕೀ ಕೇಳುತ್ತದೆ. ಆಗ ಕೀ ಇಲ್ಲದಿದ್ದರೆ ನಮ್ಮ ಫೈಲು ನಮಗೇ ಸಿಗುವುದಿಲ್ಲ.

ಎರಡನೆಯದು ಹಾರ್ಡ್‌ವೇರ್ ಐಡಿಗಳು. ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ, ಯಾಕೆಂದರೆ ಡ್ರೈವರ್ ಹುಡುಕುವಾಗ ಹೆಸರಿಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬರುವುದು. ಡಿವೈಸ್ ಮ್ಯಾನೇಜರ್‌ನಲ್ಲಿ ಯಾವುದೇ ಸಾಧನದ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಟ್ಯಾಬ್‌ನಲ್ಲಿ ಹಾರ್ಡ್‌ವೇರ್ ಐಡಿ ಆರಿಸಿದರೆ ಎರಡು ಸಂಖ್ಯೆ ಕಾಣುತ್ತವೆ. ಮೊದಲನೆಯದು ಕಂಪನಿಯದು. ಇಂಟೆಲ್‌ನದ್ದು 8086, ಅದರದೇ ಹಳೆಯ ಚಿಪ್ಪಿನ ಹೆಸರು. ಎರಡನೆಯದು ಆ ಸಾಧನದ್ದು. ನನ್ನ ಯುಎಸ್‌ಬಿ ಕಂಟ್ರೋಲರಿನದು 9ಡಿ2ಎಫ್. ಡ್ರೈವರ್ ಡೌನ್‌ಲೋಡ್ ಮಾಡಿಕೊಂಡರೆ ಅದರೊಳಗೆ ಐಎನ್‌ಎಫ್ ಅನ್ನುವ ಫೈಲ್ ಇರುತ್ತದೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಈ ಸಂಖ್ಯೆ ಹುಡುಕಬೇಕು. ಇದ್ದರೆ ಡ್ರೈವರ್ ಒಪ್ಪಿಕೊಳ್ಳುತ್ತದೆ. ಇಲ್ಲದಿದ್ದರೆ ಎಷ್ಟು ಸಲ ಸೆಟಪ್ ಓಡಿಸಿದರೂ ಸುಮ್ನೆ.

ಹೀಗೆ ಹುಡುಕಿದಾಗಲೇ ಒಂದು ಒಳ್ಳೆಯ ಸುದ್ದಿ ಸಿಕ್ಕಿತು. ಪ್ರೊಸೆಸರ್ ಎಂಟನೇ ಜನರೇಷನ್ ಆದರೂ ಅದರ ಜೊತೆಗಿದ್ದು ಯುಎಸ್‌ಬಿಯಂಥವನ್ನು ನೋಡಿಕೊಳ್ಳುವ ಚಿಪ್‌ಸೆಟ್ ಆರನೇ ಜನರೇಷನ್ ಕಾಲದ್ದೇ. ಆರನೇ ಜನರೇಷನ್‌ಗೆ ಇಂಟೆಲ್ ವಿಂಡೋಸ್ 7 ಡ್ರೈವರ್ ಕೊಟ್ಟಿತ್ತು. ಆ ಐಎನ್‌ಎಫ್‌ನಲ್ಲಿ 9ಡಿ2ಎಫ್ ಇತ್ತು. ಅದನ್ನು ನೋಡಿದ ಮೇಲೆಯೇ ಈ ಕೆಲಸ ಆಗುತ್ತದೆ ಅಂತ ನಂಬಿಕೆ ಬಂದದ್ದು. ಬಿಲ್ಟ್-ಇನ್ ಗ್ರಾಫಿಕ್ಸ್‌ನ ಸಂಖ್ಯೆ 5917 ಮಾತ್ರ ವಿಂಡೋಸ್ 7ರ ಯಾವ ಡ್ರೈವರಿನಲ್ಲೂ ಕಾಣಲಿಲ್ಲ. ಅದರ ಪರಿಣಾಮ ಆಮೇಲೆ ಹೇಳುತ್ತೇನೆ.

ಲೈಸೆನ್ಸ್ ವಿಷಯ ನನಗೆ ಸುಲಭವಾಗಿತ್ತು. ಡೆಸ್ಕ್‌ಟಾಪಿಗೆ ಹಾಕಿದ್ದು ಅಂಗಡಿಯಲ್ಲಿ ಬಾಕ್ಸ್ ಸಮೇತ ಕೊಂಡಿದ್ದ ರೀಟೇಲ್ ವಿಂಡೋಸ್ 7 ಪ್ರೊಫೆಷನಲ್, 64 ಬಿಟ್. ರೀಟೇಲ್ ಲೈಸೆನ್ಸನ್ನು ಒಂದು ಕಂಪ್ಯೂಟರಿನಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ಕಂಪ್ಯೂಟರ್ ಜೊತೆಗೇ ಬರುವ ಓಇಎಂ ಲೈಸೆನ್ಸ್ ಹಾಗಲ್ಲ, ಅದು ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ.

ಆ ಬಾಕ್ಸಿನ ವಿಂಡೋಸ್ 7 ಡಿಸ್ಕಿನಿಂದ ಇಮೇಜ್ ಮಾಡಿ, ರೂಫಸ್ ಅನ್ನುವ ಸಾಫ್ಟ್‌ವೇರಿನಲ್ಲಿ ಬೂಟ್ ಆಗುವ ಪೆನ್‌ಡ್ರೈವ್ ತಯಾರಿಸಿದೆ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದೆ. ವಿಂಡೋಸ್ 7ಕ್ಕೆ ಸೆಕ್ಯೂರ್ ಬೂಟ್ ಅಂದರೆ ಏನೆಂದೇ ಗೊತ್ತಿಲ್ಲ. ಪೆನ್‌ಡ್ರೈವ್ ಹಾಕಿ ಶುರು ಮಾಡಿದೆ. ಫೈಲುಗಳು ಲೋಡ್ ಆದವು. "ಸ್ಟಾರ್ಟಿಂಗ್ ವಿಂಡೋಸ್" ಅಂತ ಬಂತು. ಅಲ್ಲಿಗೇ ನಿಂತಿತು. ಅರ್ಧ ಗಂಟೆ ಕಾದೆ, ಅಲ್ಲಾಡಲಿಲ್ಲ.

ಪೆನ್‌ಡ್ರೈವ್ ಕೆಟ್ಟಿದೆ ಅಂದುಕೊಂಡು ಇನ್ನೊಂದರಲ್ಲಿ ಮತ್ತೆ ಮಾಡಿದೆ. ಅದೂ ಅಲ್ಲೇ ನಿಂತಿತು. ಇಡೀ ಸಂಜೆ ಹೋಯಿತು. ನಿಜವಾದ ಕಾರಣ ಪರದೆ. ಹಳೆಯ ಬಯೋಸ್ ಜಾಗಕ್ಕೆ ಬಂದ ಹೊಸ ವ್ಯವಸ್ಥೆಯ ಹೆಸರು ಯುಇಎಫ್‌ಐ. ವಿಂಡೋಸ್ 7 ಅದರಲ್ಲಿ ಬೂಟ್ ಆಗುತ್ತದೆ, ಆದರೆ ಚಿತ್ರ ತೋರಿಸಲು ಹಳೆಯ ಬಯೋಸ್ ಕಾಲದ ವಿಡಿಯೋ ಸೇವೆಯನ್ನೇ ಕರೆಯುತ್ತದೆ. ಬರಿಯ ಯುಇಎಫ್‌ಐನಲ್ಲಿ ಆ ಕರೆಗೆ ಓಗೊಡುವವರೇ ಇಲ್ಲ. ಅದಕ್ಕೇ ಕಾಯುತ್ತಾ ನಿಲ್ಲುತ್ತದೆ. ಬಯೋಸ್‌ನಲ್ಲಿ ಸಿಎಸ್‌ಎಂ ಅನ್ನುವ ಆಯ್ಕೆ ಆನ್ ಮಾಡಿದರೆ ಆ ಹಳೆಯ ಸೇವೆ ಸಿಗುತ್ತದೆ. ನನ್ನದರಲ್ಲಿ ಆ ಆಯ್ಕೆ ಇತ್ತು. ಆನ್ ಮಾಡಿದೆ, ಸೆಟಪ್ ಪರದೆ ಬಂತು. ಇದಾದ ಮೇಲೆ ಬಂದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿಎಸ್‌ಎಂ ತೆಗೆದೇ ಹಾಕಿದ್ದಾರೆ. ಹಾಗಾಗಿ ನೀವು ಇಂಥದ್ದಕ್ಕೆ ಕೈ ಹಾಕುವುದಾದರೆ ಎಲ್ಲಕ್ಕಿಂತ ಮೊದಲು ಬಯೋಸ್ ತೆರೆದು ಇದೊಂದನ್ನು ನೋಡಿ. ಇಲ್ಲದಿದ್ದರೆ ಅಲ್ಲಿಗೇ ಕೈಬಿಡುವುದು ಒಳ್ಳೆಯದು.

ಎರಡನೇ ದಿನ. ಭಾಷೆ ಆರಿಸುವ ಪರದೆ ಎದುರಿಗಿದೆ. ಮೌಸ್ ಅಲ್ಲಾಡಿಸಿದೆ, ಬಾಣ ಕದಲಲಿಲ್ಲ. ತಿರುಗಿಸಿ ನೋಡಿದರೆ ಹೊಟ್ಟೆಯ ಕೆಂಪು ದೀಪ ಆರಿಹೋಗಿದೆ. ಬಯೋಸ್‌ನಲ್ಲಿ ಇದೇ ಮೌಸ್ ಕೆಲಸ ಮಾಡಿತ್ತು. ಟಚ್‌ಪ್ಯಾಡ್ ಕೂಡ ಸತ್ತಂತಿತ್ತು. ಲ್ಯಾಪ್‌ಟಾಪಿನ ಕೀಬೋರ್ಡ್ ಒಂದೇ ನಡೆಯುತ್ತಿತ್ತು, ಯಾಕೆಂದರೆ ಅದು ಒಳಗೆ ಹಳೆಯ ಪಿಎಸ್/2 ರೀತಿಯಲ್ಲೇ ಜೋಡಿಸಿರುತ್ತದೆ. ಟ್ಯಾಬ್ ಒತ್ತುತ್ತಾ ಮುಂದೆ ಹೋದೆ. ಇನ್‌ಸ್ಟಾಲ್ ಒತ್ತಿದ ಕೂಡಲೇ ಒಂದು ಸಂದೇಶ: ಸಿಡಿ/ಡಿವಿಡಿ ಡ್ರೈವಿನ ಡ್ರೈವರ್ ಇಲ್ಲ, ಡಿಸ್ಕ್ ಇದ್ದರೆ ಹಾಕಿ.

ಈ ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವೇ ಇಲ್ಲ! ಈ ಒಂದು ಸಂದೇಶ ಎಷ್ಟು ಜನರನ್ನು ದಾರಿ ತಪ್ಪಿಸಿದೆಯೋ. ನಿಜ ವಿಷಯ ಆ ಆರಿದ ದೀಪದಲ್ಲೇ ಇತ್ತು. ವಿಂಡೋಸ್ 7ರಲ್ಲಿ ಯುಎಸ್‌ಬಿ 3 ಡ್ರೈವರ್ ಇಲ್ಲ. ಮೊದಲಿನ ಕಂಪ್ಯೂಟರ್‌ಗಳಲ್ಲಿ ಯುಎಸ್‌ಬಿ 2ಕ್ಕೆ ಬೇರೆ ಕಂಟ್ರೋಲರ್ ಇರುತ್ತಿದ್ದರಿಂದ ತೊಂದರೆ ಆಗುತ್ತಿರಲಿಲ್ಲ. ಆರನೇ ಜನರೇಷನ್‌ನಿಂದ ಇಂಟೆಲ್ ಅದನ್ನು ತೆಗೆದುಹಾಕಿತು. ಕಪ್ಪು ಬಣ್ಣದ ಪೋರ್ಟ್ ಆಗಲಿ ನೀಲಿ ಆಗಲಿ, ಎಲ್ಲಾ ಯುಎಸ್‌ಬಿ 3 ಕಂಟ್ರೋಲರ್ ಮೂಲಕವೇ ಹೋಗುತ್ತವೆ. ಸೆಟಪ್ ಶುರುವಾದ ಮೇಲೆ ತಾನು ಯಾವ ಪೆನ್‌ಡ್ರೈವಿನಿಂದ ಬಂತೋ ಅದೇ ಅದಕ್ಕೆ ಕಾಣುವುದಿಲ್ಲ. ಮುಂದಿನ ಫೈಲುಗಳು ಸಿಗದೆ ಸಿಡಿ ಡ್ರೈವ್ ಕೇಳುತ್ತದೆ.

ಹಾಗಾಗಿ ಡ್ರೈವರನ್ನು ಪೆನ್‌ಡ್ರೈವಿನ ಒಳಗೇ ಸೇರಿಸಬೇಕು. ಅಲ್ಲಿ ಬೂಟ್ ಡಾಟ್ ವಿಮ್ ಅನ್ನುವ ಫೈಲ್ ಇದೆ, ಸೆಟಪ್ ಓಡುವುದು ಅದರಿಂದ. ಅದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ವಿಂಡೋಸಿನದೇ ಡಿಐಎಸ್‌ಎಂ ಕಮಾಂಡಿನಿಂದ ಒಂದು ಖಾಲಿ ಫೋಲ್ಡರಿಗೆ ಮೌಂಟ್ ಮಾಡಿ (ಅಂದರೆ ಒಳಗಿರುವುದನ್ನು ಅಲ್ಲಿ ತೆರೆದಿಟ್ಟು), ಡ್ರೈವರ್ ಸೇರಿಸಿ, ಅನ್‌ಮೌಂಟ್ ಮಾಡಬೇಕು. ಅನ್‌ಮೌಂಟ್ ಮಾಡುವಾಗ "ಕಮಿಟ್" ಅಂತ ಕೊಡಲೇಬೇಕು, ಆಗಲೇ ಬದಲಾವಣೆ ಉಳಿಯುವುದು. ಆ ಫೋಲ್ಡರ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದಿದ್ದರೆ ಅನ್‌ಮೌಂಟ್ ಅರ್ಧಕ್ಕೆ ನಿಲ್ಲುತ್ತದೆ. ನನಗೆ ಎರಡು ಸಲ ಹಾಗಾಯಿತು. ಬೂಟ್ ಡಾಟ್ ವಿಮ್‌ನಲ್ಲಿ ಎರಡು ಇಮೇಜ್ ಇರುತ್ತವೆ, ಸೆಟಪ್ ಇರುವುದು ಎರಡನೆಯದರಲ್ಲಿ. ನಾನು ಎರಡಕ್ಕೂ ಸೇರಿಸಿದೆ.

ಮತ್ತೆ ಬೂಟ್ ಮಾಡಿದೆ. ಮೌಸಿನ ದೀಪ ಒಂದು ಕ್ಷಣ ಆರಿ, ಮತ್ತೆ ಹತ್ತಿಕೊಂಡಿತು. ಆ ಚಿಕ್ಕ ಕೆಂಪು ಬೆಳಕು ನೋಡಿ ಆದ ಖುಷಿ ಹೇಳತೀರದು.

ಖುಷಿ ಐದು ನಿಮಿಷ ಇತ್ತು. ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಅಂತ ಕೇಳುವ ಪಟ್ಟಿ ಪೂರ್ತಿ ಖಾಲಿ. ಡ್ರೈವ್ ಯಾವುದೂ ಸಿಗಲಿಲ್ಲ ಅಂತ ಬರೆದಿತ್ತು. ಹೊಸ ಎಸ್‌ಎಸ್‌ಡಿ ಸರಿಯಾಗಿ ಕೂತಿಲ್ಲವೇನೋ ಅಂತ ಮತ್ತೆ ಕವರ್ ಬಿಚ್ಚಿದೆ. ಅದು ಸರಿಯಾಗಿಯೇ ಕೂತಿತ್ತು. ಬಯೋಸ್‌ನಲ್ಲೂ ಕಾಣುತ್ತಿತ್ತು. ವಿಂಡೋಸ್ 7ಕ್ಕೆ ಎನ್‌ವಿಎಂಇ ಭಾಷೆ ಬರುವುದಿಲ್ಲ ಅಷ್ಟೇ. ಮೈಕ್ರೋಸಾಫ್ಟ್ ಆಮೇಲೆ ಅದಕ್ಕೆಂದೇ ಎರಡು ಹಾಟ್‌ಫಿಕ್ಸ್, ಅಂದರೆ ತೇಪೆಯಂಥ ಸಣ್ಣ ಅಪ್‌ಡೇಟ್, ಕೊಟ್ಟಿತ್ತು: ಕೆಬಿ 2990941 ಮತ್ತು ಕೆಬಿ 3087873. ಎರಡನ್ನೂ ಬೂಟ್ ಡಾಟ್ ವಿಮ್‌ಗೆ ಸೇರಿಸಿದೆ. ಈ ಸಲ ಡಿಸ್ಕ್ ಕಂಡಿತು. ಪಾರ್ಟಿಷನ್ ಮಾಡಿಕೊಂಡು, ಫೈಲುಗಳನ್ನು ನಕಲಿಸಿ, ರೀಸ್ಟಾರ್ಟ್ ಆಯಿತು.

ರೀಸ್ಟಾರ್ಟ್ ಆಗಿ ನೀಲಿ ಪರದೆ ಒಮ್ಮೆ ಮಿಂಚಿ ಮಾಯವಾಯಿತು. ಮತ್ತೆ ರೀಸ್ಟಾರ್ಟ್, ಮತ್ತೆ ಮಿಂಚು. ಓದಲು ಬಿಡುವುದೇ ಇಲ್ಲ. ಶುರುವಾಗುವಾಗ ಎಫ್8 ಒತ್ತಿ, ತಾನಾಗಿ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸುವ ಆಯ್ಕೆ ಆರಿಸಿದ ಮೇಲೆ ಕೋಡ್ ಓದಲು ಸಿಕ್ಕಿತು. ಕೊನೆಯಲ್ಲಿ 7ಬಿ. ಬೂಟ್ ಆಗಬೇಕಾದ ಡಿಸ್ಕೇ ಕೈಗೆ ಸಿಗುತ್ತಿಲ್ಲ ಅಂತ ಅರ್ಥ. ನಾಲ್ಕು ದಿನದಲ್ಲಿ ನಿಜ ಹೇಳಿದ ಸಂದೇಶ ಇದೊಂದೇ.

ಅಲ್ಲಿ ಕೂತು ಯೋಚಿಸಿದಾಗ ಹೊಳೆಯಿತು. ನಾನು ಡ್ರೈವರ್ ಸೇರಿಸಿದ್ದು ಸೆಟಪ್‌ಗೆ ಮಾತ್ರ. ಡಿಸ್ಕಿಗೆ ಇಳಿಯುವ ವಿಂಡೋಸ್ ಇರುವುದು ಇನ್‌ಸ್ಟಾಲ್ ಡಾಟ್ ವಿಮ್ ಅನ್ನುವ ಬೇರೆ ಫೈಲಿನಲ್ಲಿ. ಸೆಟಪ್‌ಗೆ ಡಿಸ್ಕ್ ಗೊತ್ತು, ಅದು ಹಾಕಿದ ವಿಂಡೋಸ್‌ಗೆ ಗೊತ್ತಿಲ್ಲ. ನನ್ನ ಇನ್‌ಸ್ಟಾಲ್ ಡಾಟ್ ವಿಮ್‌ನಲ್ಲಿ ನಾಲ್ಕು ಆವೃತ್ತಿ ಇದ್ದವು, ಪ್ರೊಫೆಷನಲ್ ಮೂರನೆಯದು. ಅದಕ್ಕೂ ಅದೇ ಯುಎಸ್‌ಬಿ ಡ್ರೈವರ್, ಅದೇ ಎರಡು ಹಾಟ್‌ಫಿಕ್ಸ್ ಸೇರಿಸಿದೆ. ಇದು ದೊಡ್ಡ ಫೈಲ್, ಅನ್‌ಮೌಂಟ್ ಆಗಲು ಬಹಳ ಹೊತ್ತು ಹಿಡಿಯಿತು. ಆ ರಾತ್ರಿ ಅಷ್ಟಕ್ಕೇ ಬಿಟ್ಟು ಮಲಗಿದೆ.

ಮೂರನೇ ದಿನ ಬೆಳಿಗ್ಗೆ ಎಲ್ಲ ಸರಾಗವಾಗಿ ಹೋಯಿತು. ಹೆಸರು ಕೇಳಿತು, ಸಮಯ ಕೇಳಿತು, ಡೆಸ್ಕ್‌ಟಾಪ್ ಬಂತು. ಆಕ್ಟಿವೇಶನ್ ಫೋನಿನಲ್ಲಿ ಮಾಡಿದೆ. ಎ ಇಂದ ಎಚ್ ವರೆಗಿನ ಎಂಟು ಖಾನೆಗಳಲ್ಲಿ ಆರಾರು ಅಂಕಿ ತುಂಬಿಸಿದ ಮೇಲೆ ಅದೂ ಮುಗಿಯಿತು.

ಆಮೇಲೆ ಡಿವೈಸ್ ಮ್ಯಾನೇಜರಿನ ಹಳದಿ ಗುರುತುಗಳ ಸರದಿ. ಕೆಲವು ಡ್ರೈವರ್‌ಗಳು ಹಾಕಿದ ಮೇಲೂ ಕೋಡ್ 52 ತೋರಿಸಿದವು, ಅಂದರೆ ಡಿಜಿಟಲ್ ಸಹಿ ಸರಿಯಿದೆಯೋ ಇಲ್ಲವೋ ತಿಳಿಯುತ್ತಿಲ್ಲ ಅಂತ. ಡ್ರೈವರ್ ಫೈಲ್ ಹಾಳಾಗಿದೆಯೇನೋ ಅಂದುಕೊಂಡೆ. ಹಾಳಾಗಿರಲಿಲ್ಲ. ಹೊಸ ಡ್ರೈವರ್‌ಗಳ ಸಹಿ ಶಾ-2 ಅನ್ನುವ ವಿಧಾನದಲ್ಲಿರುತ್ತದೆ, ಹಳೆಯ ಡಿಸ್ಕಿನ ವಿಂಡೋಸ್ 7ಕ್ಕೆ ಅದನ್ನು ಓದಲು ಬರುವುದಿಲ್ಲ. ಅದನ್ನು ಕಲಿಸುವ ಅಪ್‌ಡೇಟ್‌ಗಳಾದ ಕೆಬಿ 4490628 ಮತ್ತು ಕೆಬಿ 4474419 ಎರಡನ್ನೂ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಿಂದ ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ತಂದು ಹಾಕಿದೆ. ರೀಸ್ಟಾರ್ಟ್ ಮಾಡಿದ ಮೇಲೆ ಕೋಡ್ 52 ಹೋಯಿತು.

ಗ್ರಾಫಿಕ್ಸ್ ಮಾತ್ರ ಮೊದಲೇ ಅಂದುಕೊಂಡಂತೆ ಕೈಕೊಟ್ಟಿತು. ಸ್ಟ್ಯಾಂಡರ್ಡ್ ವಿಜಿಎ ಅಡಾಪ್ಟರ್‌ನಲ್ಲೇ ನಿಂತಿದೆ. ಪರದೆಯದು ನಿಜಕ್ಕೂ 1920 × 1080, ಸಿಕ್ಕಿದ್ದು 1024 × 768. ಅಕ್ಷರಗಳು ಅಗಲಕ್ಕೆ ಎಳೆದಂತೆ ಕಾಣುತ್ತವೆ. ಬ್ರೈಟ್‌ನೆಸ್ ಕಮ್ಮಿ ಮಾಡಲು ಆಗುವುದಿಲ್ಲ. ಸ್ಲೀಪ್ ಇಲ್ಲ. ಟಚ್‌ಪ್ಯಾಡ್ ಇಲ್ಲ, ವೈಫೈ ಇಲ್ಲ. ದಿನನಿತ್ಯದ ಕೆಲಸಕ್ಕೆ ಇದನ್ನು ಬಳಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹಳೆಯ ವಿಂಡೋಸಿನ ಮೇಲೆ ಪ್ರೀತಿ ಇದೆ ಅನ್ನುವ ಒಂದೇ ಕಾರಣಕ್ಕಂತೂ ಬೇಡ. ನನಗೆ ಬೇಕಿದ್ದದ್ದು ಒಂದು ಯುಎಸ್‌ಬಿ ಪೋರ್ಟ್, ಒಂದು ಸಾಫ್ಟ್‌ವೇರ್, ಫೈಲ್ ಬರೆಯಲು ಜಾಗ. ಅಷ್ಟಕ್ಕೆ ಇದು ಸಾಕು.

ವೈಫೈ ಡ್ರೈವರ್ ಹುಡುಕಲು ನಾನು ಹೋಗಲೂ ಇಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು. ಇದರಲ್ಲಿ ಕ್ರೋಮ್ ಬ್ರೌಸರ್ 109ನೇ ಆವೃತ್ತಿಗೇ ನಿಂತಿದೆ. ಏಳನೇ ಜನರೇಷನ್‌ನಿಂದ ಈಚೆಗಿನ ಪ್ರೊಸೆಸರ್ ಇರುವ ಕಂಪ್ಯೂಟರ್‌ಗಳಿಗಂತೂ 2017ರಲ್ಲೇ ವಿಂಡೋಸ್ 7 ಅಪ್‌ಡೇಟ್ ನಿಲ್ಲಿಸಿದ್ದರು. ತೂತುಗಳನ್ನು ಮುಚ್ಚುವವರಿಲ್ಲದ ಮನೆ ಇದು. ಇಂಟರ್ನೆಟ್ಟಿಗೆ ಹಾಕಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಫೈಲುಗಳು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಹೋಗುತ್ತವೆ.

ನಾಲ್ಕನೇ ದಿನ ಸ್ಕ್ಯಾನರ್ ಜೋಡಿಸಿದೆ. ಸಾಫ್ಟ್‌ವೇರ್ ತೆರೆದೆ. ಸ್ಕ್ಯಾನರ್ ಒಳಗಿನಿಂದ ಆ ಪರಿಚಿತ ಗುರ್ರ್ ಸದ್ದು ಬಂತು, ಮುಂದಿನ ಹಸಿರು ದೀಪ ಮಿಣುಕಿ ನಿಂತಿತು. ಮೊದಲ ಪಟ್ಟಿ ಹಾಕಿದೆ. ನಾನು ಮಾಡುವುದು 4000 ಡಿಪಿಐನಲ್ಲಿ (ಇಂಚಿಗೆ 4000 ಚುಕ್ಕೆ), ಒಂದೊಂದು ಬಣ್ಣಕ್ಕೆ 16 ಬಿಟ್. ಹೀಗೆ ಮಾಡಿದರೆ ಒಂದು ಫ್ರೇಮ್ ಸುಮಾರು 21 ಮೆಗಾಪಿಕ್ಸೆಲ್, ಟಿಫ್ ಫೈಲ್ ಹತ್ತಿರ ಹತ್ತಿರ 128 ಎಂಬಿ. ಸ್ಕ್ಯಾನರ್ ಇನ್‌ಫ್ರಾರೆಡ್ ಬೆಳಕಿನಲ್ಲಿ ಇನ್ನೊಮ್ಮೆ ನೋಡಿ ಧೂಳು ಮತ್ತು ಗೀರುಗಳನ್ನು ಗುರುತಿಸಿ ತೆಗೆಯುತ್ತದೆ. ಬಣ್ಣದ ಫಿಲ್ಮಿಗೆ ಮಾತ್ರ ಇದು. ಕಪ್ಪುಬಿಳುಪು ಫಿಲ್ಮಿನಲ್ಲಿ ಚಿತ್ರ ಇರುವುದೇ ಬೆಳ್ಳಿಯ ಕಣಗಳಲ್ಲಿ. ಬೆಳ್ಳಿ ಇನ್‌ಫ್ರಾರೆಡ್ಡನ್ನು ತಡೆಯುತ್ತದೆ, ಹಾಗಾಗಿ ಚಿತ್ರವನ್ನೇ ಧೂಳು ಅಂದುಕೊಳ್ಳುತ್ತದೆ. ಆ ರೋಲ್‌ಗಳನ್ನು ಮೆತ್ತನೆಯ ಬ್ರಷ್‌ನಿಂದ ಕೈಯಲ್ಲೇ ಒರೆಸಿ ಹಾಕಬೇಕು.

ಮೊದಲ ಚಿತ್ರ ಬಂದಾಗ ಎಳೆದಂತಿದ್ದ ಆ ಪರದೆಯಲ್ಲೂ ಬಣ್ಣ ಗುರುತಾಯಿತು. ಇನ್ನೊಂದು ಕಂಪ್ಯೂಟರಿನಲ್ಲಿ ಹಳೆಯ ಒಂಬತ್ತು ರೋಲಿನ ಫೈಲುಗಳ ಪಕ್ಕ ಇಟ್ಟು ನೋಡಿದೆ. ಒಂದೇ ಕೈಯಲ್ಲಿ ಮಾಡಿದಂತಿತ್ತು.

ಮಧ್ಯೆ ಒಂದು ಸಲ ಯಾವುದೋ ಕೆಲಸಕ್ಕೆ ಹಳೆಯ ಎಸ್‌ಎಸ್‌ಡಿ ವಾಪಸ್ ಹಾಕಬೇಕಾಯಿತು. ಆನ್ ಮಾಡಿದ ಕೂಡಲೇ ಬಿಟ್‌ಲಾಕರ್ 48 ಅಂಕಿ ಕೇಳಿತು. ಚೀಟಿ ನೋಡಿ ಹಾಕಿದೆ. ಬಯೋಸ್‌ನಲ್ಲಿ ಸಿಎಸ್‌ಎಂ ಆಫ್, ಸೆಕ್ಯೂರ್ ಬೂಟ್ ಆನ್ ಮಾಡಿದ ಮೇಲೆ ಮತ್ತೆ ಕೇಳಲಿಲ್ಲ. ವಿಂಡೋಸ್ 10 ಒಂದು ಕೂದಲೂ ಕೊಂಕದೆ ಹಾಗೇ ಇತ್ತು. ಈಗ ಆ ಚೀಟಿ ಎಸ್‌ಎಸ್‌ಡಿಯ ಜೊತೆಗಲ್ಲ, ಬೇರೆ ಕಡೆ ಇದೆ. ಎರಡೂ ಒಂದೇ ಕಡೆ ಇದ್ದರೆ ಬೀಗದ ಜೊತೆಗೇ ಕೀಲಿಕೈ ಇಟ್ಟಂತೆ ಅಲ್ವಾ?

ಒಂದು ಫ್ರೇಮಿಗೆ ನಾಲ್ಕು ನಿಮಿಷ ಹಿಡಿಯುತ್ತದೆ. ದಿನಕ್ಕೆ ಮೂರ್ನಾಲ್ಕು ಪಟ್ಟಿ ಮಾಡುತ್ತೇನೆ. ತಂಗಿ ಪಕ್ಕದಲ್ಲಿ ಕೂತು ಫಿಲ್ಮಿನ ಅಂಚಿನ ಸಂಖ್ಯೆ ಓದಿ ಹೇಳುತ್ತಾಳೆ, ಆ ಸಂಖ್ಯೆಯೇ ಫೈಲಿನ ಹೆಸರು. ಮೊನ್ನೆ ಹದಿನಾಲ್ಕನೇ ರೋಲ್ ಮಾಡುವಾಗ, "22, 23, ಅಣ್ಣಾ ತಡಿ, 24 ಇಲ್ಲ" ಅಂದಳು. ಕವರ್ ತಿರುಗಿಸಿದೆ. ಅಪ್ಪ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದರು: 24 ಪ್ರಿಂಟ್ ಹಾಕಿಸಲು ಕೊಟ್ಟಿದ್ದೇನೆ, ವಾಪಸ್ ತರಬೇಕು. ಆ ಫ್ರೇಮಿನ ಜಾಗ ಬಿಟ್ಟು 25 ಹಾಕಿದೆವು.